ಒಣ ಎಲೆ ಸುಡಬೇಡಿ, ಪಾರ್ಕಿಗೆ ತನ್ನಿ

ಎಲ್ಲರಿಗೂ ನಮಸ್ಕಾರ. ಎಲೆ ಉದುರುವ ಕಾಲ ಬಂತು, ಮನೆ ಮುಂದೆ ಗುಡಿಸಿ ಬೆಂಕಿ ಹಚ್ಚೋದೂ ಶುರುವಾಗಿದೆ. ದಯವಿಟ್ಟು ಬೇಡ. ಪಾರ್ಕಿನ ಹಿಂದಿನ ಗೇಟಿನ ಹತ್ತಿರ ಜಾಲರಿ ತೊಟ್ಟಿ ಇಟ್ಟಿದ್ದೇವೆ, ಅಲ್ಲಿ ತಂದು ಸುರಿಯಿರಿ. ಎಲೆ, ಹೂವು ಮಾತ್ರ. ಹಾರದ ದಾರ, ಗುಟ್ಕಾ ಚೀಟಿ ಆರಿಸಿ ತೆಗೆದಿರಬೇಕು. ಸುರಿದ ಮೇಲೆ ಪಕ್ಕದ ಡ್ರಮ್ಮಿನ ನೀರು ಚಿಮುಕಿಸಿ, ಕಾಲಲ್ಲಿ ಸ್ವಲ್ಪ ತುಳಿಯಿರಿ. ಮನೆಯಲ್ಲಿ ಹುಳಿ ಮಜ್ಜಿಗೆ ಉಳಿದಿದ್ದರೆ ಅದನ್ನೂ ಹಾಕಬಹುದು, ಬೇಗ ಕೊಳೆಯುತ್ತೆ. ಒಣಗಿಯೇ ಬಿದ್ದಿದ್ದರೆ ವರ್ಷವಾದರೂ ಗೊಬ್ಬರ ಆಗಲ್ಲ, ತೇವ ಇದ್ದರೆ ಮೂರು ನಾಲ್ಕು ತಿಂಗಳು ಸಾಕು. ಗೊಬ್ಬರ ಬೇಕಾದವರು ಚೀಲ ತನ್ನಿ, ದುಡ್ಡು ಬೇಡ.

ಹಸಿರು ಬುಟ್ಟಿಗೆ ಹಸಿ ಕಸ, ಕೆಂಪಿಗೆ ಪ್ಯಾಡ್ ಡೈಪರ್, ಚೀಲಕ್ಕೆ ಒಣ ಕಸ ಅಂತ ಬೆಂಗಳೂರಿಗೆ ಹೈಕೋರ್ಟ್ ಹೇಳಿದ್ದು 2015ರಲ್ಲಿ. ನಮ್ಮ ಬೀದಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅನ್ಸುತ್ತೆ! ಹಾಲಿನ ಕವರ್ ತೊಳೆದು ಒಣಗಿಸಿ ಕೊಡಿ. ಕತ್ತರಿಸುವಾಗ ಮೂಲೆಯ ಚೂರು ಕವರಿಗೇ ಅಂಟಿಕೊಂಡಿರಲಿ, ಬಿಡಿ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತೆ.

ಗೃಹಪ್ರವೇಶ, ನಾಮಕರಣ ಇದ್ದವರು ಸ್ಟೀಲ್ ತಟ್ಟೆ ಲೋಟ ಬೇಕಿದ್ದರೆ ಗುಂಪಿನಲ್ಲಿ ಮುಂಚೆಯೇ ಹೇಳಿ. ಬಾಡಿಗೆ ಇಲ್ಲ, ತೊಳೆದು ಎಣಿಸಿ ವಾಪಸ್ ಕೊಟ್ಟರೆ ಆಯ್ತು.