ಲೀಟ್ರಿಮ್‌ನ ನೀರುದಾರಿ

ರಜೆ ಬಂತೆಂದರೆ ಐರ್ಲೆಂಡಿನಲ್ಲಿರುವ ನಮ್ಮ ಕುಟುಂಬಗಳು ಹೊರಡುವುದು ಹೆಚ್ಚಾಗಿ ಮೋಹರ್ ಬಂಡೆಗಳಿಗೋ ಕೆರ್ರಿಯ ಕಡಲತೀರಕ್ಕೋ. ಈ ಬಾರಿ ನಮ್ಮ ಸಂಘದ ಸದಸ್ಯರು ಲೀಟ್ರಿಮ್ ಕೌಂಟಿಗೂ ಒಮ್ಮೆ ಹೋಗಿಬರಲಿ ಎಂಬುದು ನನ್ನ ಆಶಯ. ಐರಿಷ್ ಗಣರಾಜ್ಯದಲ್ಲಿ ಅತಿ ಕಡಿಮೆ ಜನರಿರುವ ಕೌಂಟಿ ಇದು. 2022ರ ಜನಗಣತಿಯಂತೆ ಇಲ್ಲಿರುವವರು ಸುಮಾರು 35,000 ಮಂದಿ. ಇಲ್ಲಿನ ನಿಶ್ಶಬ್ದವನ್ನು ಪ್ರಕೃತಿಯ ವರವೆಂದಷ್ಟೇ ಹೊಗಳುವುದು ನನಗೆ ಸರಿಕಾಣುವುದಿಲ್ಲ. 1841ರಲ್ಲಿ ಇಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮ ಮತ್ತು ಅದರ ಬೆನ್ನಿಗೇ ತಲೆಮಾರುಗಟ್ಟಲೆ ನಡೆದ ವಲಸೆ ಊರುಗಳನ್ನು ಬರಿದು ಮಾಡಿದವು.

ಶಾನನ್ ಮತ್ತು ಅರ್ನ್ ನದಿಗಳನ್ನು ಕೂಡಿಸುವ ಕಾಲುವೆಯ ಕೆಲಸ ಆರಂಭವಾದದ್ದೂ ಆ ಕ್ಷಾಮದ ನಡುವೆಯೇ, 1846ರಲ್ಲಿ. ಅದು ಮುಗಿದದ್ದು 1860ರಲ್ಲಿ. ಎರಡೇ ವರ್ಷಕ್ಕೆ ಸ್ಲೈಗೊ ಪಟ್ಟಣದ ರೈಲು ಬಂದಿತು, ಬೆರಳೆಣಿಕೆಯ ದೋಣಿಗಳನ್ನಷ್ಟೇ ಕಂಡ ಕಾಲುವೆ 1869ರಲ್ಲಿ ಮುಚ್ಚಿಹೋಯಿತು. ಶತಮಾನಕ್ಕೂ ಹೆಚ್ಚು ಕಾಲ ಹೂಳು ತುಂಬಿಕೊಂಡಿದ್ದ ಅದನ್ನು ಗಣರಾಜ್ಯ ಮತ್ತು ಉತ್ತರ ಐರ್ಲೆಂಡ್ ನಡುವಿನ ಗಡಿಯ ಎರಡೂ ಬದಿಯ ಸರಕಾರಗಳು ಸೇರಿ ದುರಸ್ತಿಗೊಳಿಸಿ 1994ರಲ್ಲಿ ಮತ್ತೆ ತೆರೆದವು. ಸರಕು ಸಾಗಿಸಲು ತೋಡಿ ನಷ್ಟಕ್ಕೆ ಈಡಾದ ಈ 63 ಕಿಲೋಮೀಟರ್ ಜಲಮಾರ್ಗಕ್ಕೆ ಇಂದು ಪ್ರವಾಸಿಗರೇ ಆಧಾರ.

ಇಲ್ಲಿರುವ 16 ಲಾಕ್‌ಗಳ (ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ, ಕದಗಳುಳ್ಳ ತೊಟ್ಟಿಗಳ) ಪೈಕಿ ಎಂಟನ್ನು ಲೀಟ್ರಿಮ್ ಹಳ್ಳಿಯಿಂದ ಸ್ಕರ್ ಸರೋವರಕ್ಕೆ ಏರುವಷ್ಟರಲ್ಲೇ ದಾಟಬೇಕು. ದೋಣಿಯನ್ನು ಕಲ್ಲಿನ ತೊಟ್ಟಿಯೊಳಗೆ ತಂದು, ಕದ ಮುಚ್ಚಿ, ದಡದ ಯಂತ್ರಕ್ಕೆ ಕಾರ್ಡ್ ಹಾಕಿ ಗುಂಡಿ ಒತ್ತಿದರೆ ನೀರು ನುಗ್ಗಿ ದೋಣಿಯನ್ನು ಮೆಲ್ಲನೆ ಮೇಲೆತ್ತುತ್ತದೆ. ಆಗ ಹಗ್ಗವನ್ನು ಗೂಟಕ್ಕೆ ಸುತ್ತಿ ಕೈಯಲ್ಲೇ ಹಿಡಿದಿರಬೇಕು, ಗಂಟು ಹಾಕಕೂಡದು. ಇಳಿಯುವಾಗ ಗಂಟು ಹಾಕಿದ ದೋಣಿ ನೀರಿನೊಡನೆ ಇಳಿಯದೆ ಹಗ್ಗಕ್ಕೆ ಜೋತುಬೀಳುವ ಅಪಾಯವಿದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಸಿಗಲಾರದು.

ಜಿಲ್ಲಾಕೇಂದ್ರ ಕ್ಯಾರಿಕ್-ಆನ್-ಶಾನನ್‌ನಲ್ಲಿ, ಎಡ್ವರ್ಡ್ ಕಾಸ್ಟೆಲೊ ಎಂಬ ವರ್ತಕ ತೀರಿಹೋದ ಮಡದಿಗಾಗಿ ಕಟ್ಟಿಸಿದ ಪುಟ್ಟ ಪ್ರಾರ್ಥನಾಮಂದಿರವಿದೆ. ನಡುವಿನ ಕಿರುದಾರಿಯ ಎರಡು ಬದಿಗಳಲ್ಲಿ, ದಪ್ಪ ಗಾಜಿನ ಕೆಳಗೆ, ಪತಿಪತ್ನಿಯರ ಶವಪೆಟ್ಟಿಗೆಗಳು ಕಾಣುತ್ತವೆ.

ಡಬ್ಲಿನ್‌ನ ಕಾನಲಿ ನಿಲ್ದಾಣದಿಂದ ಹೊರಡುವ ಸ್ಲೈಗೊ ರೈಲು ಈ ಊರಿನಲ್ಲಿ ನಿಲ್ಲುತ್ತದೆ. ಬಾಡಿಗೆ ದೋಣಿ ನಡೆಸಲು ಪರವಾನಗಿ ಬೇಕಿಲ್ಲ, ಕೊಡುವವರೇ ಹೇಳಿಕೊಡುತ್ತಾರೆ. ದೋಣಿಯಲ್ಲೇ ಒಲೆಯಿರುವುದರಿಂದ ಅನ್ನ-ಸಾರಿಗೂ ತೊಂದರೆಯಿಲ್ಲ. ಜುಲೈ-ಆಗಸ್ಟ್‌ನಲ್ಲಿ ಬಾಡಿಗೆ ಏರುವುದರಿಂದ ಶಾಲೆಗೆ ಹೋಗುವ ಮಕ್ಕಳಿಲ್ಲದವರು ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳುವುದು ಲೇಸು.