ಹ್ಯಾಸ್ಕೆಲ್‌ನಲ್ಲಿ ಫೈಲ್ ಓದಿ ಅದಕ್ಕೇ ಬರೆಯುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಈ ವಾರ ಮೂರು ಜನ ಒಂದೇ ಎರರ್ ಹಾಕಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ರೀಡ್‌ಫೈಲ್ ಫಂಕ್ಷನ್‌ನಿಂದ ಸೆಟ್ಟಿಂಗ್ಸ್ ಫೈಲ್ ಓದಿ, ಒಂದು ಸಾಲು ಬದಲಿಸಿ, ರೈಟ್‌ಫೈಲ್‌ನಿಂದ ಅದೇ ಫೈಲಿಗೆ ಬರೆಯಲು ಹೋದರೆ 'ರಿಸೋರ್ಸ್ ಬಿಝಿ, ಫೈಲ್ ಈಸ್ ಲಾಕ್ಡ್' ಅಂತ ಬರುತ್ತದೆ. ಬೇರೆ ಯಾರು ಫೈಲ್ ತೆರೆದಿದ್ದಾರೆ ಅಂತ ಹುಡುಕಬೇಡಿ. ತೆರೆದಿಟ್ಟಿರುವುದು ನಿಮ್ಮದೇ ಪ್ರೋಗ್ರಾಂ. ಹ್ಯಾಸ್ಕೆಲ್ ಬೇಕಾದಾಗ ಮಾತ್ರ ಕೆಲಸ ಮಾಡುವ ಭಾಷೆ ಅಲ್ವಾ, ಮಾಮೂಲಿ ರೀಡ್‌ಫೈಲ್ ಕೂಡ ಹಾಗೇ, ಬೇಕಾದಷ್ಟೇ ಓದುತ್ತದೆ, ಪೂರ್ತಿ ಓದಿ ಮುಗಿಯುವವರೆಗೆ ಫೈಲ್ ಮುಚ್ಚುವುದಿಲ್ಲ. ಅಷ್ಟರಲ್ಲಿ ನೀವು ಬರೆಯಲು ಹೋಗಿರುತ್ತೀರಿ.

ಇದಕ್ಕೆ ಪರಿಹಾರ, ಡೇಟಾ.ಟೆಕ್ಸ್ಟ್.ಐಓ ಮಾಡ್ಯೂಲ್‌ನ ರೀಡ್‌ಫೈಲ್ ಬಳಸಿ. ಅದು ಒಮ್ಮೆಗೇ ಪೂರ್ತಿ ಓದಿ ಮುಚ್ಚುತ್ತದೆ, ಮಾಮೂಲಿ ರೀಡ್‌ಫೈಲ್ ಕೊಡುವ ಸ್ಟ್ರಿಂಗ್‌ಗಿಂತ (ಅಕ್ಷರಗಳ ಪಟ್ಟಿ) ಮೆಮೊರಿಯೂ ಕಡಿಮೆ ಸಾಕು. ಸ್ಟ್ರಿಂಗೇ ಬೇಕು ಅಂದ್ರೆ ಹ್ಯಾಸ್ಕೆಲ್ ಜೊತೆಗೇ ಬರುವ ಬೇಸ್ ಲೈಬ್ರರಿಯ 4.15ನೇ ವರ್ಷನ್‌ನಿಂದ ಸಿಸ್ಟಂ.ಐಓದಲ್ಲಿ ಹೆಸರಿನ ಕೊನೆಗೆ ಪ್ರೈಮ್ ಗುರುತು (') ಇರುವ ರೀಡ್‌ಫೈಲ್ ಇದೆ. ಓದಿದ ಪಠ್ಯದ ಲೆಂಗ್ತ್ (ಉದ್ದ) ಎಣಿಸಿ ಸುಮ್ನೆ ಪೂರ್ತಿ ಓದಿಸುವ ಹಳೆಯ ಉಪಾಯ ನನಗೆ ಇಷ್ಟವಿಲ್ಲ, ಆರು ತಿಂಗಳ ಮೇಲೆ ಕೋಡ್ ನೋಡುವವರಿಗೆ ಆ ಸಾಲು ಯಾಕಿದೆ ಅಂತ ತಿಳಿಯುವುದಿಲ್ಲ, ಅನವಶ್ಯಕ ಅಂತ ತೆಗೆದುಬಿಡುತ್ತಾರೆ.

ಇನ್ನು ಮೇಲೆ ಎರರ್ ಹಾಕುವಾಗ ಸ್ಕ್ರೀನ್‌ಶಾಟ್ ಬೇಡ. ಕೋಡನ್ನೇ ಹಾಕಿ, ಜೊತೆಗೆ ಜಿಎಚ್‌ಸಿ (ಹ್ಯಾಸ್ಕೆಲ್ ಕಂಪೈಲರ್) ವರ್ಷನ್ ಬರೆಯಿರಿ.