ಇನ್ನೂರು ಜನರ ಮುನಿಸಿಪಾಲಿಟಿ

ಪ್ರೀತಿಯ ಗಿರೀಶ,

ನೀನು ಪಂಚಾಯ್ತಿ ಮೆಂಬರ್ ಆದ ಮೇಲೆ ನಿನ್ನ ಪತ್ರಗಳಲ್ಲಿ ಬೇರೆ ವಿಷಯವೇ ಇಲ್ಲ! ಚರಂಡಿ, ಬೀದಿದೀಪ, ಕೋರಂ. ಹಾಗಾಗಿ ನಾನೂ ಅದೇ ಧಾಟಿಯಲ್ಲಿ ಬರೆಯುತ್ತೇನೆ. ನಾನಿರುವ ನಾರ್ವೆ ದೇಶದಲ್ಲಿ ಉತ್ಸಿರಾ ಅಂತ ಒಂದು ದ್ವೀಪ ಇದೆ. ಸುಮಾರು ಆರು ಚದರ ಕಿಲೋಮೀಟರ್ ಜಾಗ, ಹೆಚ್ಚುಕಡಿಮೆ ಇನ್ನೂರು ಜನ. ಇಷ್ಟಕ್ಕೇ ಅದೊಂದು ಪೂರ್ತಿ ಮುನಿಸಿಪಾಲಿಟಿ. ಮೇಯರ್ ಇದ್ದಾರೆ, ಕೌನ್ಸಿಲ್ ಇದೆ, ತನ್ನದೇ ಬಜೆಟ್ ಇದೆ. ಜನಸಂಖ್ಯೆಯಲ್ಲಿ ಇಡೀ ನಾರ್ವೆಯಲ್ಲೇ ಚಿಕ್ಕದು.

ನಾನಿರುವ ಸ್ಟಾವಂಗರ್‌ನಿಂದ ಉತ್ತರಕ್ಕೆ ಹೌಗೆಸುಂಡ್ ಅಂತ ಊರಿದೆ. ಅಲ್ಲಿಂದ ಫೆರಿಯಲ್ಲಿ ಎಪ್ಪತ್ತು ನಿಮಿಷದ ಹಾದಿ. ಹಾದಿ ಅಂದರೆ ತೆರೆದ ಸಮುದ್ರ, ಮಾರಾಯ. ನನ್ನ ಹೊಟ್ಟೆಯೊಳಗೆ ಇದ್ದದ್ದೆಲ್ಲ ಗಂಟಲಿಗೆ ಬಂದಿತ್ತು. ಎದುರು ಸೀಟಿನಲ್ಲಿದ್ದ ಅಜ್ಜಿ ಆರಾಮಾಗಿ ಸ್ವೆಟರ್ ಹೆಣೆಯುತ್ತಿದ್ದರು. ದ್ವೀಪದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಂದರು ಇದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಿ ದೋಣಿ ಇನ್ನೊಂದು ಕಡೆಗೆ ಹೋಗಿ ನಿಲ್ಲುತ್ತದೆ. ಎರಡು ಬಂದರಿನ ನಡುವೆ ಒಂದು ತಗ್ಗು, ಆಚೀಚೆ ಕಲ್ಲುಗುಡ್ಡ. ಜನರ ಮನೆಗಳೆಲ್ಲ ಹೆಚ್ಚಾಗಿ ಆ ತಗ್ಗಿನಲ್ಲೇ.

ಗುಡ್ಡದ ಮೇಲೆ ಕೆಂಪು ಬಣ್ಣದ ದೀಪಸ್ತಂಭಗಳಿವೆ. ಒಂದಲ್ಲ, ಎರಡು. 1844ರಲ್ಲಿ ಕಟ್ಟಿದ್ದು. ಆ ಕಾಲದ ದೀಪಗಳು ದೂರದಿಂದ ಎಲ್ಲ ಒಂದೇ ಥರ ಕಾಣುತ್ತಿದ್ದವು. ಜೋಡಿ ದೀಪ ಕಂಡರೆ ಇದು ಉತ್ಸಿರಾ ಅಂತ ಹಡಗಿನವರಿಗೆ ತಕ್ಷಣ ಗೊತ್ತಾಗಬೇಕು, ಅದಕ್ಕೇ ಎರಡು. 1890ರಲ್ಲಿ ಒಂದನ್ನು ಆರಿಸಿದರು, ಇನ್ನೊಂದು ಈಗಲೂ ಉರಿಯುತ್ತದೆ. ಸಮುದ್ರ ಮಟ್ಟದಿಂದ 78 ಮೀಟರ್ ಎತ್ತರದಲ್ಲಿ ಉರಿಯುವ ಈ ದೀಪ ನಾರ್ವೆಯಲ್ಲೇ ಅತಿ ಎತ್ತರದ್ದು. ಮುನಿಸಿಪಾಲಿಟಿಯ ಲಾಂಛನದಲ್ಲಿ ಮಾತ್ರ ಎರಡೂ ಇವೆ.

ಈಗ ನಿನಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಮೊದಲು ಈ ದ್ವೀಪ ತೋರ್ವಸ್ತಾದ್ ಅನ್ನುವ ಮುನಿಸಿಪಾಲಿಟಿಗೆ ಸೇರಿತ್ತು. ಅದು ಆಚೆ ದಡದಲ್ಲಿ, ಕಾರ್ಮೊಯ್ ಅನ್ನುವ ದೊಡ್ಡ ದ್ವೀಪದ ಮೇಲೆ. ಚಳಿಗಾಲದಲ್ಲಿ ಒಂದು ಮೀಟಿಂಗಿಗೆ ಹೋಗಬೇಕಂದರೂ ಈ ಸಮುದ್ರ ದಾಟಬೇಕು. ಹೋದರೂ ಅವತ್ತೇ ವಾಪಸ್ ಬರುವ ಗ್ಯಾರಂಟಿ ಇಲ್ಲ. 1924ರ ಜುಲೈ 1ರಂದು ಉತ್ಸಿರಾ ಬೇರೆಯಾಯಿತು. ಆಮೇಲಿನ ಕಥೆ ಕೇಳು. 1960ರ ದಶಕದಲ್ಲಿ ಸರ್ಕಾರ ಸಣ್ಣಪುಟ್ಟ ಮುನಿಸಿಪಾಲಿಟಿಗಳನ್ನೆಲ್ಲ ಒಟ್ಟು ಸೇರಿಸುತ್ತಾ ಬಂತು. 1965ರಲ್ಲಿ ತೋರ್ವಸ್ತಾದ್ ಕಾರ್ಮೊಯ್ ಮುನಿಸಿಪಾಲಿಟಿಯಲ್ಲಿ ಕರಗಿಹೋಯಿತು. ಪಾಲು ತಗೊಂಡು ಹೊರಟ ಕಿರಿಮಗ ಮಾತ್ರ ಉಳಿದುಕೊಂಡ. 2020ರ ಹೊತ್ತಿಗೆ ಮತ್ತೊಂದು ಸುತ್ತು ವಿಲೀನ ನಡೆಯಿತು. ದೇಶದಲ್ಲಿ 428 ಇದ್ದ ಮುನಿಸಿಪಾಲಿಟಿಗಳು 356ಕ್ಕೆ ಇಳಿದವು. ಆಗಲೂ ಉತ್ಸಿರಾ ಜಪ್ಪಯ್ಯ ಅನ್ನಲಿಲ್ಲ.

ಇವರು ಸುಮ್ನೆ ಹೆಸರಿಗೆ ಮುನಿಸಿಪಾಲಿಟಿ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಬೇಡ. ಇಲ್ಲಿನ ಕಾನೂನಿಗೆ ದೊಡ್ಡವರು ಚಿಕ್ಕವರು ಅನ್ನುವ ಭೇದ ಇಲ್ಲ. ಮಕ್ಕಳ ಶಾಲೆ, ಶಿಶುವಿಹಾರ, ವಯಸ್ಸಾದವರ ಆರೈಕೆ, ಡಾಕ್ಟರ್, ನೀರು, ಕಟ್ಟಡಕ್ಕೆ ಪರವಾನಗಿ ಇವೆಲ್ಲ ಮುನಿಸಿಪಾಲಿಟಿಯ ಹೊಣೆ. ಏಳು ಲಕ್ಷ ಜನರ ಓಸ್ಲೋಗೂ ಅಷ್ಟೇ, ಇನ್ನೂರು ಜನರ ಉತ್ಸಿರಾಕ್ಕೂ ಅಷ್ಟೇ. ತೆರಿಗೆ ಹಣ ಎಲ್ಲಿ ಸಾಲದೋ ಅಲ್ಲಿಗೆ ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಒಬ್ಬರೇ ಮಾಡಲಾಗದ ಕೆಲಸವನ್ನು ಅಕ್ಕಪಕ್ಕದ ಮುನಿಸಿಪಾಲಿಟಿಗಳ ಜೊತೆ ಸೇರಿ ಮಾಡುವುದಕ್ಕೂ ದಾರಿ ಇದೆ. ಇದೆಲ್ಲ ದುಬಾರಿ ಅಂತ ಬೈಯುವವರು ಬೇಕಾದಷ್ಟಿದ್ದಾರೆ. ಲೆಕ್ಕ ಹಾಕಿದರೆ ದುಬಾರಿಯೇ, ಅದರಲ್ಲಿ ಸುಳ್ಳಿಲ್ಲ. ಆದರೆ ಶಾಲೆ ನಡೆಸಬೇಕೋ ಮುಚ್ಚಬೇಕೋ ಅನ್ನೋದನ್ನು ಆಚೆ ದಡದವರ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ನಮ್ಮಲ್ಲಿ ಪಂಚಾಯ್ತಿಗೆ 400 ಜನಕ್ಕೊಬ್ಬ ಮೆಂಬರ್ ಅಲ್ವಾ? ಆ ಲೆಕ್ಕದಲ್ಲಿ ಉತ್ಸಿರಾಕ್ಕೆ ಅರ್ಧ ಮೆಂಬರ್ ಸಿಗಬೇಕು! ಇಲ್ಲಿ ಎಷ್ಟೇ ಸಣ್ಣ ಕೌನ್ಸಿಲ್ ಆದರೂ ಕನಿಷ್ಠ 11 ಜನ ಇರಲೇಬೇಕು. ಸುಮಾರು ಹದಿನೆಂಟು ಜನಕ್ಕೊಬ್ಬರು, ಅದೂ ಕೂಸುಗಳನ್ನೂ ಸೇರಿಸಿ. ಇದರಿಂದ ಒಂದು ಪೇಚಾಟವೂ ಇದೆ. ತನ್ನವರಿಗೆ ಸಂಬಂಧಪಟ್ಟ ವಿಷಯ ಬಂದರೆ ಸದಸ್ಯರು ಅದರ ತೀರ್ಮಾನದಲ್ಲಿ ಪಾಲುಗೊಳ್ಳುವಂತಿಲ್ಲ. ಅಣ್ಣನ ದೋಣಿಮನೆಗೆ ಪರವಾನಗಿ ಕೇಳಿದ ಅರ್ಜಿ ಬಂತು ಅನ್ನು, ತಮ್ಮ ಎದ್ದು ಹೊರಗೆ ಹೋಗಬೇಕು. ಇನ್ನೂರು ಜನರ ಊರಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳು? ನಿಮ್ಮ ಪಂಚಾಯ್ತಿಯಲ್ಲಿ ಈ ನಿಯಮ ಗಟ್ಟಿಯಾಗಿ ಪಾಲಿಸಿದರೆ ಮೀಟಿಂಗ್ ಹಾಲ್ ಖಾಲಿಯಾಗಬಹುದು.

ಉತ್ಸಿರಾದ ದೊಡ್ಡ ಸುದ್ದಿ 1925ರದ್ದು. ಬೇರೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ಚುನಾವಣೆಯಲ್ಲಿ 12 ಸ್ಥಾನಗಳಲ್ಲಿ 11 ಹೆಂಗಸರ ಪಾಲಾದವು. ಊರಿನ ಸೂಲಗಿತ್ತಿ ಓಸಾ ಹೆಲ್ಗೆಸೆನ್ 1926ರಲ್ಲಿ ಮೇಯರ್ ಆದರು. ಇಡೀ ನಾರ್ವೆಯ ಮೊದಲ ಮಹಿಳಾ ಮೇಯರ್ ಅವರೇ. ಓಸ್ಲೋ ಅಲ್ಲ, ಬೆರ್ಗೆನ್ ಅಲ್ಲ, ಈ ಕಲ್ಲುಗುಡ್ಡ! ಈ ದೇಶದ ಎಲ್ಲ ಹೆಂಗಸರಿಗೂ ಸ್ಥಳೀಯ ಚುನಾವಣೆಯ ಮತ ಸಿಕ್ಕಿದ್ದು 1910ರಲ್ಲಿ. ಇದಕ್ಕಿಂತ ಹದಿನೈದೇ ವರ್ಷ ಮೊದಲು.

ಇದೆಲ್ಲ ಗಂಡಸರ ತಮಾಷೆಯಿಂದ ಆದದ್ದು ಅಂತ ಹೇಳಿ ನಗುವ ರೂಢಿ ಇದೆ. ನನಗೆ ಆ ನಗು ಅಷ್ಟು ಹಿಡಿಸುವುದಿಲ್ಲ. ತಮಾಷೆಯಿಂದಲೇ ಶುರುವಾಗಿರಲಿ, ಆಮೇಲೆ 1928ರವರೆಗೆ ಅವಧಿ ಪೂರ್ತಿ ಕೆಲಸ ಮಾಡಿದ್ದು ಯಾರು? ಮೀನುಗಾರರ ಊರಿನಲ್ಲಿ ಗಂಡಸರು ಸಮುದ್ರಕ್ಕೆ ಹೋದ ಮೇಲೆ ಮನೆ, ಹೊಲ, ದನ ಎಲ್ಲ ನೋಡಿಕೊಳ್ಳುವವರು ಹೆಂಗಸರೇ. ಸೂಲಗಿತ್ತಿಗಂತೂ ಯಾವ ಮನೆಯಲ್ಲಿ ಏನು ಕಷ್ಟ ಅಂತ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಊರು ನಡೆಸುವುದಕ್ಕೆ ಅವರಿಗಿಂತ ತಿಳಿದವರು ಸಿಗುತ್ತಿದ್ದರಾ?

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1785ರ ಒಂದು ಪುಟ್ಟ ಚರ್ಚ್ ಇದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಇಲ್ಲಿ ಕಂಡಿದ್ದಾರೆ, ಬೈನಾಕ್ಯುಲರ್ ಹಿಡಿದವರು ಅದಕ್ಕೇ ಬರುತ್ತಾರೆ. 2004ರಲ್ಲಿ ಎರಡು ಗಾಳಿಯಂತ್ರ ನಿಲ್ಲಿಸಿ, ಹೆಚ್ಚಾದ ಕರೆಂಟಿನಿಂದ ಹೈಡ್ರೋಜನ್ ಮಾಡಿಟ್ಟು, ಗಾಳಿ ಬಿದ್ದಾಗ ಅದರಿಂದ ಹತ್ತು ಮನೆಗೆ ಕರೆಂಟ್ ಕೊಡುವ ಪ್ರಯೋಗ ಮಾಡಿದರು. ಕೆಲವು ವರ್ಷ ನಡೆದು ನಿಂತಿತು. ನಮ್ಮ ಎಣ್ಣೆ ಉದ್ಯಮದವರ ಬಾಯಲ್ಲಂತೂ ಈ ಹೆಸರು ದಿನಾ ಬರುತ್ತದೆ. ಸಮುದ್ರದಡಿ ಉತ್ಸಿರಾ ಹೆಸರಿನ ಮರಳುಗಲ್ಲಿನ ಪದರವಿದೆ. ಸ್ಲೈಪ್ನರ್ ಅನ್ನುವ ಅನಿಲ ಬಾವಿಗಳವರು 1996ರಿಂದ ಇಂಗಾಲದ ಡೈಆಕ್ಸೈಡನ್ನು ಅದರೊಳಗೆ ತುಂಬುತ್ತಾ ಬಂದಿದ್ದಾರೆ. ಹೆಸರು ಮಾತ್ರ ಇವರದ್ದು, ಆ ಜಾಗ ದ್ವೀಪದಿಂದ ಬಹಳ ದೂರ.

ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಸ್ಥಳೀಯ ಚುನಾವಣೆ. ಮುಂದಿನದು 2027ಕ್ಕೆ. ಮೂರು ವರ್ಷ ನೆಲೆಸಿದ್ದರೆ ನಮ್ಮಂಥ ಪರದೇಶದವರಿಗೂ ಅದರಲ್ಲಿ ಮತ ಇದೆ. ಪಾಸ್‌ಪೋರ್ಟ್ ಯಾವುದು ಅಂತ ಕೇಳುವುದಿಲ್ಲ. ಹಾಗಾಗಿ ನಾನು ಸ್ಟಾವಂಗರ್‌ನಲ್ಲಿ ಓಟು ಹಾಕುತ್ತೇನೆ. ಒಂದೂವರೆ ಲಕ್ಷ ಜನರ ಊರಲ್ಲಿ ನನ್ನದೊಂದು ಓಟಿಗೆ ಎಷ್ಟು ತೂಕ ಅಂತ ನೀನೇ ಲೆಕ್ಕ ಹಾಕು. ಆಗ ರಜೆ ಹಾಕಿ ಇಲ್ಲಿಗೆ ಬಂದರೆ ಉತ್ಸಿರಾಕ್ಕೆ ಹೋಗಿ ಬರೋಣ. ವಾಂತಿ ಮಾತ್ರೆ ತರುವುದನ್ನು ಮರೆಯಬೇಡ. ಅತ್ತಿಗೆಗೂ ಅಮ್ಮನಿಗೂ ನನ್ನ ನಮಸ್ಕಾರ ಹೇಳು.

ನಿನ್ನ,
ರವಿ